ಅಂಜದೀವದಲ್ಲಿ ‘ಮೈಸೂರು’: ಒಂದು ರೂಢಿಯ ಮಾತಿನ ಮರುಪರಿಶೀಲನೆ

ಐಎನ್‌ಎಸ್ ‘ಮೈಸೂರು’ ಎಂಬ ಲಘು ಕ್ರೂಸರಿನ ಚರಿತ್ರೆಯ ಹೊರರೇಖೆಯಲ್ಲಿ ವಿವಾದವಿಲ್ಲ. 1939ರ ಜುಲೈಯಲ್ಲಿ ಟೈನ್ ನದಿಯಲ್ಲಿ ನೀರಿಗಿಳಿದ ಬ್ರಿಟಿಷ್ ನೌಕೆ ‘ನೈಜೀರಿಯಾ’ ಇದೇ. 1942ರ ಆಗಸ್ಟ್ 12ರಂದು ಮಾಲ್ಟಾದ ಹಾದಿಯಲ್ಲಿ ಇಟಲಿಯ ಟಾರ್ಪಿಡೊ ಬಡಿದು 52 ನಾವಿಕರು ಮಡಿದರು. 1954ರಲ್ಲಿ ಭಾರತ ಅದನ್ನು ಕೊಂಡಿತು. 1957ರ ಆಗಸ್ಟ್ 29ರಂದು ಗಂಡಭೇರುಂಡ ಲಾಂಛನದೊಡನೆ ಸೇವೆಗೆ ಸೇರಿತು. ಆ ಹೊತ್ತಿಗೆ ಕಾರವಾರ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಹತ್ತೇ ತಿಂಗಳಾಗಿತ್ತು.

ತಕರಾರಿರುವುದು 1961ರ ಡಿಸೆಂಬರ್ 18ರ ಬಗ್ಗೆ. ಗೋವೆಗೆ ಹೊರಟ ಭೂಸೇನೆ ಬೆಳಗಾವಿಯಲ್ಲಿ ಜಮಾಯಿಸಿದ್ದಾಗ, ಕಾರವಾರದೆದುರು ಪೋರ್ಚುಗೀಸರ ಕೈಯಲ್ಲಿದ್ದ ಅಂಜದೀವ ನಡುಗಡ್ಡೆಯನ್ನು ಹಿಡಿಯುವ ಹೊಣೆ ‘ಮೈಸೂರು’ ಮತ್ತು ‘ತ್ರಿಶೂಲ’ ನೌಕೆಗಳ ಪಾಲಿಗೆ ಬಂತು. ಕ್ರೂಸರಿನ ಫಿರಂಗಿಗಳೇ ನಡುಗಡ್ಡೆಯನ್ನು ಗೆದ್ದುಕೊಟ್ಟವು ಎಂಬುದು ರೂಢಿಯ ಮಾತು. ಇದನ್ನು ಹಾಗೆಯೇ ಒಪ್ಪಲು ನನಗೆ ಸಾಧ್ಯವಾಗಿಲ್ಲ.

ಮಡಿದವರ ಲೆಕ್ಕವನ್ನೇ ನೋಡಬೇಕು. ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ನೇತೃತ್ವದಲ್ಲಿ ದಡಕ್ಕಿಳಿದ ತುಕಡಿಯಲ್ಲಿ ಏಳು ಮಂದಿ ಸತ್ತರು. ಆರು ಅಂಗುಲದ ಒಂಬತ್ತು ಫಿರಂಗಿಗಳ ಹಡಗು ಬೆನ್ನಿಗಿದ್ದೂ ಹೀಗಾದದ್ದೇಕೆ? ಸುಮಾರು 50 ಕಿಲೋ ತೂಗುವ ಅದರ ಗುಂಡು ಹತ್ತಿರದ ಗುರಿಯತ್ತ ಹೆಚ್ಚುಕಡಿಮೆ ನೇರವಾಗಿ ಹಾಯುತ್ತದೆ. ಬಂಡೆಯ ಮರೆಯಲ್ಲಿ ಕೂತವನು ಅದಕ್ಕೆ ಸುಲಭವಾಗಿ ಸಿಗುವುದಿಲ್ಲ. ತನ್ನವರು ದಡ ಮುಟ್ಟಿದ ಮೇಲಂತೂ ಆ ಕಿರುನೆಲದ ಮೇಲೆ ಮನಬಂದಂತೆ ಹಾರಿಸುವಂತಿಲ್ಲ. ಪೋರ್ಚುಗೀಸರು ಬಿಳಿ ಬಾವುಟ ತೋರಿಸಿ ಆಮೇಲೆ ಗುಂಡು ಹಾರಿಸಿದರೆಂದು ಭಾರತೀಯ ನಿರೂಪಣೆಗಳು ಹೇಳುತ್ತವೆ. ಹಾಗಿದ್ದರೆ ಫಿರಂಗಿ ತಣ್ಣಗಿದ್ದ ಗಳಿಗೆಯಲ್ಲೇ ಸಾವುಗಳು ಸಂಭವಿಸಿರಬೇಕು.

ಆದುದರಿಂದ ನನ್ನ ಊಹೆ ಇಷ್ಟು: ಗೆಲುವಿನ ಮೊದಲ ಬೆಲೆಯನ್ನು ತೆತ್ತವರು ಕಾಲಾಳಾಗಿ ಇಳಿದ ನಾವಿಕರು, ಹಡಗಿನ ಶೆಲ್ ದಾಳಿ ನಿರ್ಣಾಯಕವಾದದ್ದು ಬಹುಶಃ ಆ ಬಳಿಕ. ಫಿರಂಗಿ ವ್ಯರ್ಥವಾಯಿತೆಂದು ಇದರರ್ಥವಲ್ಲ. ಮರುದಿನ ಮಧ್ಯಾಹ್ನ ನಡುಗಡ್ಡೆ ಕೈವಶವಾದದ್ದರಲ್ಲಿ ಅದರ ಪಾತ್ರ ದೊಡ್ಡದೇ. ಆದರೂ ಬಂಡೆಗಳ ನಡುವೆ ಅವಿತ ಕೆಲವರು ಆಮೇಲೆಯೇ ಸಿಕ್ಕರು. ಕೊನೆಯವನು ಈಜಿ ದಡ ಸೇರಿ 22ರಂದು ಸೆರೆಯಾದ ಸಂಗತಿ ನನ್ನ ವಾದಕ್ಕೆ ತುಸು ಬಲ ಕೊಡುತ್ತದೆ.

ಬಿಳಿ ಬಾವುಟ, ತುಕಡಿಯ ಇಳಿತ, ಆ ಬಳಿಕದ ಶೆಲ್ ದಾಳಿ, ಈ ಮೂರರ ನಡುವಿನ ನಿಮಿಷಗಳ ಲೆಕ್ಕ ಇನ್ನೂ ಇತ್ಯರ್ಥವಾಗಬೇಕಿದೆ. ಹಡಗಿನ ದಿನಚರಿಯನ್ನೂ ಪೋರ್ಚುಗೀಸ್ ಸೈನಿಕರ ಹೇಳಿಕೆಗಳನ್ನೂ ಎದುರುಬದುರು ಇಟ್ಟು ಓದುವ ಕೆಲಸ ಅದಕ್ಕೆ ಮೊದಲು ಆಗಬೇಕು.