ಬೆರಳಿಗೆ ಒಲಿದ ಅಕ್ಷರ

ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ವಿದ್ಯೆ ದೊರೆಯದು. ಮಗುವಿಗೆ ಒಗ್ಗುವ ಲಿಪಿಯೂ ದೊರೆಯಬೇಕು. ಗಡಿನಾಡಿನ ಕನ್ನಡಿಗರಾದ ನಮಗೆ ಹೊಸದಲ್ಲದ ಈ ಮಾತಿಗೆ ಪ್ಯಾರಿಸ್ ನಗರದ ಅಂಧ ಬಾಲಕರ ಶಾಲೆಯ ಚರಿತ್ರೆಯೂ ಸಾಕ್ಷಿಯಾಗಿದೆ.

1785ರಲ್ಲಿ ವ್ಯಾಲೆಂಟಿನ್ ಹಾಯ್ ಎಂಬ ಮಹನೀಯನು ಆ ಶಾಲೆಯನ್ನು ಸ್ಥಾಪಿಸಿ, ಕಣ್ಣುಳ್ಳವರ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಾಗಿ ಅಚ್ಚುಮಾಡಿಸಿ, ಬೆರಳಿನಿಂದ ತಡವಿ ಓದುವುದನ್ನು ಕಲಿಸಿದನು. ಆದರೆ ಓದು ಬಹು ನಿಧಾನ. ಮಕ್ಕಳು ತಾವೇ ಬರೆಯುವುದಂತೂ ದುಸ್ಸಾಧ್ಯ.

1819ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದನು. ಬಾರ್ಬಿಯೆ ಎಂಬಾತನ ಹನ್ನೆರಡು ಚುಕ್ಕೆಗಳ ಬರಹವನ್ನು ಪರಿಷ್ಕರಿಸಿ, 1824ರ ವೇಳೆಗೆ ಬೆರಳತುದಿಗೆ ನಿಲುಕುವ ಆರು ಚುಕ್ಕೆಗಳ ಲಿಪಿಯನ್ನು ನಿರ್ಮಿಸಿದನು. ಮಕ್ಕಳು ಅದಕ್ಕೆ ಒಲಿದರು. ಅಧಿಕಾರಿಗಳಾದರೋ, ಅದು ಕಣ್ಣುಳ್ಳವರ ಲಿಪಿಗಿಂತ ಬೇರೆಯೆಂದು ಹಿಂಜರಿದರು. 1840ರ ಬಳಿಕ ಕೆಲಕಾಲ ನಿಷೇಧವನ್ನೂ ವಿಧಿಸಿದರು. ಮಕ್ಕಳು ಗುಟ್ಟಾಗಿ ಬರೆದು ಅದನ್ನು ಉಳಿಸಿಕೊಂಡರು. ಬ್ರೈಲ್ 1852ರಲ್ಲಿ ತೀರಿಕೊಂಡನು. ಶಾಲೆಯು ಅವನ ಲಿಪಿಯನ್ನು ವಿಧಿವತ್ತಾಗಿ ಅಂಗೀಕರಿಸಿದುದು 1854ರಲ್ಲಿ.

1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಪದ್ಧತಿಯು ಏರ್ಪಟ್ಟಿತು. ಅದರಲ್ಲಿ ಒಂದನೆಯ ಹಾಗೂ ಮೂರನೆಯ ಚುಕ್ಕೆಗಳು ಕೂಡಿದರೆ ನಮ್ಮ ‘ಕ’ಕಾರ. ನಮ್ಮ ಊರುಗಳಲ್ಲಿ ದೃಷ್ಟಿಯಿಲ್ಲದ ಮಗುವೊಂದಿದ್ದರೆ, ಆ ಎರಡು ಚುಕ್ಕೆಗಳನ್ನು ಅದರ ಬೆರಳಿಗೆ ಮುಟ್ಟಿಸುವುದೂ ಕನ್ನಡದ ಸೇವೆಯೇ ಸರಿ.