ಭಜನೆ ಮೇಳದಿಂದ ಬೈಠಕ್ಕಿಗೆ

ಬೆಂಗಳೂರಿನ ಮತ್ತಿಕೆರೆಯಿಂದ ಜಾಲಹಳ್ಳಿಯವರೆಗಿನ ಬಡಾವಣೆಗಳು ಬೆಳೆದದ್ದರಲ್ಲಿ ಕಾರ್ಖಾನೆಗಳ ಪಾಲು ದೊಡ್ಡದು. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಹುಟ್ಟಿದವು. ನಾನಾ ಜಿಲ್ಲೆಗಳಿಂದ ಬಂದ ನೌಕರರು ಸುತ್ತಮುತ್ತ ಮನೆ ಹಿಡಿದರು, ಸೈಟು ಕೊಂಡರು, ರಾಜ್ಯೋತ್ಸವಕ್ಕೆ ಪೆಂಡಾಲು ಹಾಕಿದರು. ಅಂಥ ಪೆಂಡಾಲುಗಳಿಗೆ ಒಗ್ಗಿದ ಸುಗಮ ಸಂಗೀತಕ್ಕೆ ಹಳ್ಳಿಯ ಕಸುವು ತುಂಬಿದವರೂ ಒಬ್ಬ ಕಾರ್ಖಾನೆ ನೌಕರರೇ. ನಗರದ ಪೂರ್ವಕ್ಕಿರುವ ದೂರವಾಣಿನಗರದ ಐಟಿಐನಲ್ಲಿ ದುಡಿಯುತ್ತಿದ್ದ ಸಿ. ಅಶ್ವತ್ಥ್.

ದಾರಿ ಅವರಿಗಿಂತ ಮೊದಲೇ ಬಿದ್ದಿತ್ತು. ಉಡುಪಿ ಸೀಮೆಯ ಆರೂರಿನ ಪಿ. ಕಾಳಿಂಗರಾಯರು (1914–1981) ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಜನಪದ ಗೀತೆ, ಭಾವಗೀತೆಗಳನ್ನು ಪೇಟೆಯ ವೇದಿಕೆಗೆ ತಂದಿದ್ದರು.

1939ರಲ್ಲಿ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಅಶ್ವತ್ಥ್, ಮಾಸ್ತಿಯವರ ನಾಟಕವನ್ನು ಆಧರಿಸಿದ ‘ಕಾಕನಕೋಟೆ’ (1977) ಚಿತ್ರದಿಂದ ಸಂಗೀತ ನಿರ್ದೇಶಕರಾದರು. ಆದರೆ ಅವರ ನಿಜವಾದ ಪ್ರಯೋಗಶಾಲೆ ಸಿನಿಮಾ ಅಲ್ಲ, ಶಿಶುನಾಳ ಶರೀಫರ (1819–1889) ತತ್ವಪದಗಳು. ಉತ್ತರ ಕರ್ನಾಟಕದ ಭಜನೆ ಮೇಳಗಳಲ್ಲಿ ಈ ಪದಗಳಿಗೆ ಏಕತಾರಿ, ದಮ್ಮಡಿ, ತಾಳ ಇದ್ದರೆ ಸಾಕು. ಒಬ್ಬರು ಹಾಡಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಅಶ್ವತ್ಥ್ ಅದನ್ನು ಒಂಟಿ ಕಂಠ, ಹಾರ್ಮೋನಿಯಂ, ತಬಲ, ಕೊಳಲಿನ ಬೈಠಕ್ಕಿಗೆ ಹೊಂದಿಸಿದರು. ‘ಕೋಡಗನ ಕೋಳಿ ನುಂಗಿತ್ತ’ವನ್ನೇ ನೋಡಿ. ಬೆಡಗಿನ ಆ ಪದದಲ್ಲಿ ನುಂಗುವುದೇ ಮತ್ತೆಮತ್ತೆ ಬರುತ್ತದೆ. ಅದನ್ನು ರಾಗದ ಆಲಾಪಕ್ಕೆ ಎಳೆಯದೆ, ತಾಳದ ಮೇಲೆ ಗುದ್ದಿ ಕೂರಿಸಿದ್ದರಲ್ಲೇ ಅಶ್ವತ್ಥರ ಜಾಣತನವಿದೆ. ಬೆಡಗು ಬಿಡಿಸಲಾಗದವರೂ ತಲೆದೂಗುತ್ತಾರೆ.

ಹಳ್ಳಿಯ ಹಾಡನ್ನು ಕೋಣೆಗೆ ತರುವ ಇಂಥದೇ ಕೆಲಸ ಬೇರೆಡೆಯೂ ನಡೆದಿತ್ತು. ಹಂಗೇರಿಯ ಸಂಗೀತ ಸಂಯೋಜಕ ಬೇಲಾ ಬಾರ್ಟೋಕ್ ರೈತರ ಹಾಡುಗಳನ್ನು ಫೋನೋಗ್ರಾಫಿನಲ್ಲಿ ಹಿಡಿದು, ಅವುಗಳ ಲಯವನ್ನು ನಾಲ್ವರು ಕೂತು ನುಡಿಸುವ ಆರು ತಂತಿವಾದ್ಯ ಕೃತಿಗಳಿಗೆ (1909–1939) ಇಳಿಸಿದ್ದರು. ಅಲ್ಲಿ ಮಾತು ಕಳಚಿ ನಾದ ಉಳಿಯಿತು. ಇಲ್ಲಿ ಮಾತೇ ಯಜಮಾನ. ಸಾಹಿತ್ಯ ಕೇಳಿಸದಿದ್ದರೆ ಸುಗಮ ಸಂಗೀತದ ರಸಿಕ ಎದ್ದೇ ಹೋಗುತ್ತಾನೆ.

ಜನಪದದ ಮಟ್ಟು ಬಳಸಿದವರು ಅಶ್ವತ್ಥ್ ಒಬ್ಬರೇ ಅಲ್ಲ. ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ ಚಿತ್ರಕ್ಕೆ ತಾವೇ ಬರೆದು ಸಂಗೀತ ಕೂಡಿಸಿದ ಹಾಡು, ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದಿತು.

ಶರೀಫರ ಪದಗಳ ಕ್ಯಾಸೆಟ್ ಮನೆಮನೆ ಹೊಕ್ಕ ಮೇಲೆ, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಬಂತು, ಸಂಗೀತ ಅಶ್ವತ್ಥರದೇ. 2005ರ ಏಪ್ರಿಲ್‌ನಲ್ಲಿ, ಮತ್ತಿಕೆರೆಗೆ ಅಷ್ಟೇನೂ ದೂರವಲ್ಲದ ಅರಮನೆ ಮೈದಾನದಲ್ಲಿ ಅವರು ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆಸಿದಾಗ ಜನಸಾಗರ ಸೇರಿತ್ತು. ಕೋಣೆಗೆ ಹೊಲಿದ ಸಂಗೀತ ಮೈದಾನಕ್ಕೂ ಸಾಲುತ್ತದೆಂದು ಅಂದು ಗೊತ್ತಾಯಿತು, ನಿಜ. ಆದರೂ ಸಮೂಹಗಾನದ ಅಬ್ಬರದಲ್ಲಿ ಹಾರ್ಮೋನಿಯಂ ಮುಂದೆ ಕೂತ ಅಶ್ವತ್ಥರ ಆ ಒರಟು, ಆರ್ದ್ರ ಗಂಟಲಿನ ಸಣ್ಣ ಬಿರುಕುಗಳು ಕೇಳಿಸುವುದಿಲ್ಲ. ಅವು ಬೇಕೆಂದರೆ ಹಳೆಯ ಕ್ಯಾಸೆಟ್ಟುಗಳಿಗೇ ಹೋಗಬೇಕು. 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ಹುಟ್ಟುಹಬ್ಬದ ದಿನವೇ ಅವರು ತೀರಿಕೊಂಡರು.