ಗೆರ್ ದುವಾನಿ

ಗೆರ್ ದುವಾನಿ (ಜನನ: 1978, ಅಕೋಬೊ) ದಕ್ಷಿಣ ಸುಡಾನ್ ಮೂಲದ ಚಲನಚಿತ್ರ ನಟ, ರೂಪದರ್ಶಿ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರ. ಸುಡಾನಿನ ಎರಡನೆಯ ಅಂತರ್ಯುದ್ಧದಲ್ಲಿ ಬಾಲಸೈನಿಕರಾಗಿದ್ದ ಇವರು ನಿರಾಶ್ರಿತರಾಗಿ ಅಮೆರಿಕ ಸೇರಿದರು. ಅಲ್ಲಿ ಆಟದ ಬಲದಿಂದ ವಿದ್ಯಾಭ್ಯಾಸವನ್ನು ಮುಂದುವರಿಸಿ, ಬಳಿಕ ಚಿತ್ರರಂಗವನ್ನು ಪ್ರವೇಶಿಸಿದರು. 2014ರಲ್ಲಿ ತೆರೆಕಂಡ 'ದಿ ಗುಡ್ ಲೈ' ಚಿತ್ರದ ಜೆರೆಮಾಯ ಪಾತ್ರದಿಂದ ಪ್ರಸಿದ್ಧರಾದರು. 2015ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯು ಪೂರ್ವ ಆಫ್ರಿಕಾ ಪ್ರದೇಶಕ್ಕೆ ಇವರನ್ನು ಸದ್ಭಾವನಾ ರಾಯಭಾರಿಯನ್ನಾಗಿ ನೇಮಿಸಿತು. ತೆರೆಯ ಮೇಲೆ ಇವರು ನಿರ್ವಹಿಸಿದ ಮುಖ್ಯ ಪಾತ್ರಗಳೆರಡೂ ಸುಡಾನಿನ ನಿರಾಶ್ರಿತರವೇ ಆಗಿರುವುದರಿಂದ, ಇವರ ಅಭಿನಯವನ್ನು ಇವರ ಜೀವನದಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಹುಟ್ಟೂರು ಮತ್ತು ಜನಾಂಗ

ಅಕೋಬೊ ಇಥಿಯೋಪಿಯಾದ ಗಡಿಗೆ ಹೊಂದಿಕೊಂಡಿರುವ ಸಣ್ಣ ಪಟ್ಟಣ. ದುವಾನಿ ಹುಟ್ಟಿದಾಗ ಅದು ಅವಿಭಜಿತ ಸುಡಾನಿಗೆ ಸೇರಿತ್ತು. ಇವರು ನೂಯೆರ್ ಜನಾಂಗದವರು. ನೈಲ್ ನದಿಯ ಜೌಗು ಬಯಲುಗಳಲ್ಲಿ ದನಗಳನ್ನು ಸಾಕಿಕೊಂಡು, ಮಳೆಗಾಲಕ್ಕೊಂದು ನೆಲೆ, ಬೇಸಗೆಗೊಂದು ನೆಲೆ ಎಂದು ಬದುಕಿದ ಜನರಿವರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ ಓದಿದವರಿಗೆ ಇವಾನ್ಸ್-ಪ್ರಿಚರ್ಡ್ 1940ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ಜನಾಂಗದ ಹೆಸರು ಪರಿಚಿತವೇ. ನೂಯೆರ್ ಯುವಕನಿಗೆ ತನ್ನ ಮೆಚ್ಚಿನ ಎತ್ತಿನ ಹೆಸರೇ ಅಡ್ಡಹೆಸರಾಗುವ ರೂಢಿಯಿತ್ತು ಎಂಬುದರಿಂದ ಆ ಬದುಕಿನಲ್ಲಿ ದನಕರುಗಳ ಸ್ಥಾನವನ್ನು ಊಹಿಸಬಹುದು.

ಅಕೋಬೊ ಭಾರತೀಯರಿಗೂ ಪೂರ್ತಿ ಅಪರಿಚಿತವಲ್ಲ. 2013ರ ಡಿಸೆಂಬರಿನಲ್ಲಿ ಅಲ್ಲಿನ ವಿಶ್ವಸಂಸ್ಥೆಯ ನೆಲೆಯ ಮೇಲೆ ದಾಳಿ ನಡೆದಾಗ, ಆಶ್ರಯ ಬೇಡಿ ಬಂದಿದ್ದ ನಾಗರಿಕರೊಂದಿಗೆ ಭಾರತದ ಇಬ್ಬರು ಶಾಂತಿಪಾಲನಾ ಯೋಧರೂ ಪ್ರಾಣ ಕಳೆದುಕೊಂಡರು.

ಯುದ್ಧದ ನಡುವೆ ಬಾಲ್ಯ

1983ರಲ್ಲಿ ಸುಡಾನಿನ ಉತ್ತರದ ಸರ್ಕಾರಕ್ಕೂ ಜಾನ್ ಗರಾಂಗ್ ನೇತೃತ್ವದ ದಕ್ಷಿಣದ ವಿಮೋಚನಾ ಸೇನೆಗೂ ಯುದ್ಧ ಆರಂಭವಾಯಿತು. ಅದು ಮುಗಿದದ್ದು 2005ರಲ್ಲಿ. ದುವಾನಿ ಅವರ ಬಾಲ್ಯವೆಲ್ಲ ಇದರೊಳಗೇ ಕಳೆಯಿತು. ಲಕ್ಷಾಂತರ ಜನ ಗಡಿ ದಾಟಿ ಇಥಿಯೋಪಿಯಾದ ಶಿಬಿರಗಳನ್ನು ಸೇರಿದರು. 1991ರ ಮೇ ತಿಂಗಳಲ್ಲಿ ಆ ದೇಶದಲ್ಲಿ ಮೆಂಗಿಸ್ತು ಆಡಳಿತ ಉರುಳಿದೊಡನೆ ಶಿಬಿರಗಳೂ ಉಳಿಯಲಿಲ್ಲ. ಓಡಿಬಂದವರು ಬಂದ ದಾರಿಯಲ್ಲೇ ಹಿಂದಕ್ಕೆ ಓಡಬೇಕಾಯಿತು. ಅದೇ ವರ್ಷ ವಿಮೋಚನಾ ಸೇನೆ ಒಡೆದು, ಡಿಂಕಾ ಮತ್ತು ನೂಯೆರ್ ಜನಾಂಗಗಳು ಒಂದಕ್ಕೊಂದು ಎದುರಾಗಿ ನಿಂತವು. ಹೊರಗಿನ ಶತ್ರುವಿನ ಜೊತೆಗೆ ಒಳಗಿನ ಶತ್ರುವೂ ಹುಟ್ಟಿಕೊಂಡ ಆ ಕಾಲವೇ ದಕ್ಷಿಣದ ಪಾಲಿಗೆ ಅತ್ಯಂತ ಕ್ರೂರವಾದುದು.

ಇಂಥ ಸ್ಥಿತಿಯಲ್ಲಿ ಹುಡುಗರನ್ನು ಸೇನೆಗೆ ಸೆಳೆದುಕೊಳ್ಳುವುದು ಸಾಮಾನ್ಯವಾಗಿತ್ತು. ದುವಾನಿ ಕೂಡ ಹದಿಹರೆಯದಲ್ಲೇ ಬಂದೂಕು ಹೊರಬೇಕಾಯಿತು. ಅಲ್ಲಿಂದ ತಪ್ಪಿಸಿಕೊಂಡು ಇಥಿಯೋಪಿಯಾಕ್ಕೆ, ಅಲ್ಲಿಂದ ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರಕ್ಕೆ ಬಂದರು. 1994ರಲ್ಲಿ, ಇನ್ನೂ ಹದಿನಾರು ತುಂಬುವ ಹೊತ್ತಿಗೆ, ತಂದೆತಾಯಿಯರಿಲ್ಲದೆ ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದಿಳಿದರು.

ಇವರನ್ನು 'ಸುಡಾನಿನ ಕಳೆದುಹೋದ ಹುಡುಗರು' ಎಂಬ ಗುಂಪಿಗೆ ಸೇರಿಸಿ ಬರೆಯುವುದು ವಾಡಿಕೆ. ಮನೆಮಠಗಳಿಂದ ಬೇರ್ಪಟ್ಟು ಕಾಲ್ನಡಿಗೆಯಲ್ಲಿ ಗಡಿ ದಾಟಿದ ಸುಮಾರು 20,000 ಮಕ್ಕಳಿಗೆ ಬಂದ ಹೆಸರದು. ಆದರೆ ಅವರಲ್ಲಿ ಸುಮಾರು 3,600 ಮಂದಿಯನ್ನು ಅಮೆರಿಕ ಒಟ್ಟಾಗಿ ಬರಮಾಡಿಕೊಂಡದ್ದು 2001ರ ಆಸುಪಾಸಿನಲ್ಲಿ. ದುವಾನಿ ಅದಕ್ಕೂ ಏಳು ವರ್ಷ ಮೊದಲೇ ಬಂದವರು. ಅನುಭವದ ದೃಷ್ಟಿಯಿಂದ ಆ ಹೆಸರು ಇವರಿಗೂ ಒಪ್ಪುತ್ತದೆಯಾದರೂ, ಕಾಲದ ದೃಷ್ಟಿಯಿಂದ ಈ ವ್ಯತ್ಯಾಸವನ್ನು ಗಮನಿಸುವುದು ಒಳ್ಳೆಯದು.

ಬ್ಯಾಸ್ಕೆಟ್‌ಬಾಲ್

ನೈಲ್ ಬಯಲಿನ ಜನರ ಎತ್ತರ ಲೋಕಪ್ರಸಿದ್ಧ. 231 ಸೆಂಟಿಮೀಟರ್ ಎತ್ತರದ ಡಿಂಕಾ ಜನಾಂಗದ ಮನೂಟ್ ಬೋಲ್ 1985ರಲ್ಲಿ ಅಮೆರಿಕದ ಎನ್‌ಬಿಎ ಪ್ರವೇಶಿಸಿದ ಮೇಲೆ, ಸುಡಾನಿನಿಂದ ಬಂದ ಉದ್ದನೆಯ ಹುಡುಗನ ಕೈಗೆ ಯಾರಾದರೊಬ್ಬರು ಚೆಂಡು ಕೊಡುವುದು ಸಹಜವೇ ಆಗಿತ್ತು. ದುವಾನಿ ಈ ಆಟವನ್ನು ಅಮೆರಿಕದ ಶಾಲಾ ದಿನಗಳಲ್ಲಿ ರೂಢಿಸಿಕೊಂಡರು. ಭಾಷೆ ಬಾರದ, ತರಗತಿಯ ಪಾಠ ಹಿಡಿಯಲು ಹೆಣಗುವ ಹುಡುಗನಿಗೆ ಆಟದ ಅಂಗಳ ಸುಲಭವಾಗಿ ಒಲಿಯುತ್ತದೆ ಎಂಬುದನ್ನು ಪಾಠ ಹೇಳಿದವರೆಲ್ಲ ಬಲ್ಲರು. ಮುಂದೆ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ವಿಶ್ವವಿದ್ಯಾಲಯದಲ್ಲಿ ಓದುತ್ತ ಕಾಲೇಜು ಮಟ್ಟದಲ್ಲಿ ಆಡಿದರು. ಅವರ ಆಟದ ಬದುಕು ಅಲ್ಲಿಂದ ಎನ್‌ಬಿಎ ವರೆಗೆ ಬೆಳೆಯಲಿಲ್ಲ.

ಚಲನಚಿತ್ರಗಳು

ಡೇವಿಡ್ ಓ. ರಸೆಲ್ ನಿರ್ದೇಶಿಸಿದ 'ಐ ಹಾರ್ಟ್ ಹಕಬೀಸ್' (2004) ದುವಾನಿ ಅವರ ಮೊದಲ ಮುಖ್ಯ ಚಿತ್ರ. ಇದರ ನಾಯಕ, ಪರಿಸರವಾದಿ ಯುವಕನೊಬ್ಬ, ಒಬ್ಬನೇ ಎತ್ತರದ ಆಫ್ರಿಕನ್ ವ್ಯಕ್ತಿಯನ್ನು ಬೇರೆ ಬೇರೆ ಕಡೆ ಮೂರು ಸಲ ಆಕಸ್ಮಿಕವಾಗಿ ಕಾಣುತ್ತಾನೆ. ಇದರ ಅರ್ಥವೇನೆಂದು ತಿಳಿಯಲು 'ಅಸ್ತಿತ್ವದ ಪತ್ತೇದಾರ' ದಂಪತಿಯ (ಡಸ್ಟಿನ್ ಹಾಫ್‌ಮನ್, ಲಿಲಿ ಟಾಮ್ಲಿನ್) ಬಳಿಗೆ ಹೋಗುತ್ತಾನೆ. ಆ ಎತ್ತರದ ವ್ಯಕ್ತಿ, ಅಂದರೆ ಸುಡಾನಿನ ನಿರಾಶ್ರಿತ ಸ್ಟೀವನ್ ನಿಮಿಯೇರಿ, ದುವಾನಿ ವಹಿಸಿದ ಪಾತ್ರ. ಅವನಿಗೆ ಆಶ್ರಯ ಕೊಟ್ಟ ಸಂಪ್ರದಾಯನಿಷ್ಠ ಕುಟುಂಬದ ಊಟದ ಮೇಜಿನ ದೃಶ್ಯ ಚಿತ್ರದ ಅತ್ಯುತ್ತಮ ಭಾಗಗಳಲ್ಲೊಂದು. ಆಗ್ರಹದ ಚರ್ಚೆ ಜಗಳವಾಗಿ ಏರುತ್ತದೆ. ಯಾರ ಬದುಕು ಚರ್ಚೆಗೆ ನೆಪವಾಯಿತೋ ಅವನ ಮಾತು ಮಾತ್ರ ಅಲ್ಲಿ ಕಡಿಮೆ. ಇದು ಹಾಸ್ಯಚಿತ್ರ. ಆದರೂ ಆ ಮೌನದಲ್ಲಿ ನಟನ ಸ್ವಂತ ಅನುಭವದ ನೆರಳಿದೆ.

ಫಿಲಿಪ್ ಫಲಾರ್ಡೋ ನಿರ್ದೇಶನದ 'ದಿ ಗುಡ್ ಲೈ' ಚಿತ್ರದಲ್ಲಿ ಆ ಮೌನಕ್ಕೆ ಮಾತು ಬಂದಿತು ಎನ್ನಬಹುದು. ಊರು ಸುಟ್ಟುಹೋದ ಮೇಲೆ ನೂರಾರು ಮೈಲಿ ನಡೆದು ಕೀನ್ಯಾ ಸೇರಿದ ಮಕ್ಕಳು, ವರ್ಷಗಳ ಬಳಿಕ ಅಮೆರಿಕದ ಕಾನ್ಸಾಸ್ ಸಿಟಿಗೆ ಬರುವ ಕಥೆ ಇದು. ಜಾಹೀರಾತುಗಳಲ್ಲಿ ಎದ್ದು ಕಂಡದ್ದು ರೀಸ್ ವಿದರ್‌ಸ್ಪೂನ್ ಅವರ ಮುಖ; ಕಥೆಯ ಭಾರ ಹೊತ್ತವರು ಆರ್ನಾಲ್ಡ್ ಒಸೆಂಗ್, ಗೆರ್ ದುವಾನಿ, ಎಮ್ಯಾನುಯೆಲ್ ಜಾಲ್ ಮತ್ತು ಕೂಥ್ ವೀಲ್. ಇವರಲ್ಲಿ ಗಾಯಕ ಜಾಲ್ ಕೂಡ ಒಂದು ಕಾಲದ ಬಾಲಸೈನಿಕ. ಕೂಥ್ ವೀಲ್ ಹುಟ್ಟಿದ್ದೇ ಇಥಿಯೋಪಿಯಾದ ನಿರಾಶ್ರಿತರ ಶಿಬಿರದಲ್ಲಿ.

ದುವಾನಿ ಅಭಿನಯಿಸಿದ ಜೆರೆಮಾಯ ದೈವಭಕ್ತ. ದಿನಸಿ ಅಂಗಡಿಯಲ್ಲಿ ಅವನಿಗೆ ಕೆಲಸ ಸಿಗುತ್ತದೆ. ಮಾರಾಟವಾಗದೆ ಉಳಿದ, ತಿನ್ನಲು ಯೋಗ್ಯವಾದ ಆಹಾರವನ್ನು ಕಸಕ್ಕೆ ಹಾಕಬೇಕೆಂಬುದು ಅಲ್ಲಿಯ ನಿಯಮ. ಹಸಿದ ಹೆಂಗಸೊಬ್ಬಳಿಗೆ ಅದನ್ನು ಕೊಟ್ಟದ್ದು ತಪ್ಪೆನಿಸಿದಾಗ ಅವನು ಕೆಲಸವನ್ನೇ ಬಿಡುತ್ತಾನೆ. ಈ ಸನ್ನಿವೇಶದಲ್ಲಿ ದನಿ ಏರಿಸದೆ, ಕಣ್ಣೀರು ಹಾಕದೆ ದುವಾನಿ ನೀಡಿದ ಅಭಿನಯವೇ ಅವರ ಶ್ರೇಷ್ಠ ಸಾಧನೆ ಎನ್ನಲು ಅಡ್ಡಿಯಿಲ್ಲ.

ಚಿತ್ರ ವಿವಾದಕ್ಕೂ ಒಳಗಾಯಿತು. ಚಿತ್ರಕಥೆಗಾಗಿ ತಮ್ಮ ಜೀವನವೃತ್ತಾಂತಗಳನ್ನು ಹೇಳಿದ್ದ 54 ನಿರಾಶ್ರಿತರು, ಆ ಕಥೆಗಳ ಮೇಲೆ ತಮಗೂ ಹಕ್ಕಿದೆಯೆಂದು 2015ರಲ್ಲಿ ಅಟ್ಲಾಂಟಾದ ಫೆಡರಲ್ ನ್ಯಾಯಾಲಯದ ಮೊರೆಹೋದರು. ಮನೆ, ದನಕರು, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡವರ ಬಳಿ ಉಳಿದಿದ್ದ ಆಸ್ತಿ ಆ ಕಥೆಗಳೇ ಆಗಿದ್ದವು ಎಂಬುದನ್ನು ಮರೆತರೆ ಈ ದಾವೆಯ ತೂಕ ತಿಳಿಯದು.

ಮರಳಿ ತಾಯ್ನಾಡಿಗೆ

2011ರ ಜನವರಿಯಲ್ಲಿ ದಕ್ಷಿಣ ಸುಡಾನಿನ ಸ್ವಾತಂತ್ರ್ಯಕ್ಕಾಗಿ ಜನಮತಗಣನೆ ನಡೆದು, ಶೇಕಡಾ 98ಕ್ಕೂ ಹೆಚ್ಚು ಮತಗಳು ಪ್ರತ್ಯೇಕತೆಯ ಪರವಾಗಿ ಬಂದವು. ಜುಲೈ 9ರಂದು ಹೊಸ ದೇಶ ಉದಯಿಸಿತು. ಈ ಸಂದರ್ಭದಲ್ಲಿ ದುವಾನಿ ಸುಮಾರು ಹದಿನೆಂಟು ವರ್ಷಗಳ ಬಳಿಕ ಹುಟ್ಟಿದ ನೆಲವನ್ನು ತುಳಿದರು. 'ಗೆರ್: ಟು ಬಿ ಸೆಪರೇಟ್' ಎಂಬ ಸಾಕ್ಷ್ಯಚಿತ್ರ ಈ ಮರಳುವಿಕೆಯನ್ನು ಕುರಿತದ್ದು. ಬೇರ್ಪಡುವುದು ಎಂಬ ಆ ಮಾತು ದೇಶಕ್ಕೂ ಸಲ್ಲುತ್ತದೆ, ಮನೆಯಿಂದ ಅಗಲಿದ ಮಗನಿಗೂ ಸಲ್ಲುತ್ತದೆ.

ಸಂಭ್ರಮ ಹೆಚ್ಚು ಕಾಲ ಬಾಳಲಿಲ್ಲ. 2013ರ ಡಿಸೆಂಬರಿನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಮಾಜಿ ಉಪಾಧ್ಯಕ್ಷ ರೀಕ್ ಮಚಾರ್ ಬಣಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಅದು ಬೇಗನೆ ಡಿಂಕಾ-ನೂಯೆರ್ ಕಲಹದ ರೂಪ ತಾಳಿತು. ದುವಾನಿ ಅವರ ಬಂಧುಗಳು ಮತ್ತೆ ನಿರಾಶ್ರಿತರಾಗಿ ಕೀನ್ಯಾದ ಕಾಕುಮಾ ಶಿಬಿರ ಸೇರಿದರು. ಹೀಗಾಗಿ 2015ರ ರಾಯಭಾರಿ ಪದವಿ ಇವರಿಗೆ ಅಲಂಕಾರದ ಹುದ್ದೆಯಾಗಿರಲಿಲ್ಲ. ಶಿಬಿರಕ್ಕೆ ಹೋದಾಗ ಇವರು ಕಂಡದ್ದು ತಮ್ಮ ಮನೆಯವರನ್ನೇ.

ಆತ್ಮಕಥನ

ಗ್ಯಾರೆನ್ ಥಾಮಸ್ ಅವರ ಜೊತೆಗೂಡಿ ಬರೆದ ಆತ್ಮಕಥನ 'ವಾಕ್ ಟುವರ್ಡ್ ದಿ ರೈಸಿಂಗ್ ಸನ್' 2020ರಲ್ಲಿ ಪ್ರಕಟವಾಯಿತು. ಹದಿಹರೆಯದ ಓದುಗರನ್ನು ಉದ್ದೇಶಿಸಿದ ಈ ಪುಸ್ತಕ ಬಾಲಸೈನಿಕನ ದಿನಗಳಿಂದ ರಾಯಭಾರಿ ಪದವಿಯವರೆಗಿನ ಬದುಕನ್ನು ನಿರೂಪಿಸುತ್ತದೆ. ಶೀರ್ಷಿಕೆಯ ಅರ್ಥ 'ಉದಯಿಸುವ ಸೂರ್ಯನ ಕಡೆಗೆ ನಡೆ' ಎಂದು. ಅಕೋಬೊದಿಂದ ಹೊರಟವರಿಗೆ ಇಥಿಯೋಪಿಯಾದ ಗಡಿ ಇರುವುದು ಅದೇ ದಿಕ್ಕಿನಲ್ಲಿ.